‘ನೀವೇ ಮುಖ ತೊಳ್ಕೊಳ್ಳಿ’ ಅನ್ನುವುದೂ ಶುಶ್ರೂಷೆಯೇ?

ಪ್ರಶ್ನೆ: ನರ್ಸಿಂಗ್ ಎರಡನೇ ವರ್ಷದ ವಿದ್ಯಾರ್ಥಿನಿ ನಾನು. ಓರೆಮ್ ಅವರ ಸ್ವ-ಆರೈಕೆ ಸಿದ್ಧಾಂತದ ಗೃಹೀತಗಳನ್ನು (ಅದು ಮೊದಲೇ ನಿಜವೆಂದು ಒಪ್ಪಿಕೊಂಡು ಹೊರಡುವ ಮಾತುಗಳನ್ನು) ಬಾಯಿಪಾಠ ಮಾಡಿ ಬರೆದೆ, ಅಂಕವೂ ಬಂತು. ವಾರ್ಡಿನಲ್ಲಿ ಪಾರ್ಶ್ವವಾಯು ಆಗಿದ್ದ ಹಿರಿಯರೊಬ್ಬರಿಗೆ ‘ನೀವೇ ಮುಖ ತೊಳ್ಕೊಳ್ಳಿ, ನಾನಿಲ್ಲೇ ಇರ್ತೀನಿ’ ಅಂದೆ. ಮನೆಯವರು ‘ಮತ್ತೆ ನೀವಿರೋದು ಯಾಕೆ ಸಿಸ್ಟರ್?’ ಎಂದು ರೇಗಿದರು. ನನಗೆ ಉತ್ತರ ತೋಚಲಿಲ್ಲ. ಈ ಗೃಹೀತಗಳಿಂದ ವಾರ್ಡಿನಲ್ಲಿ ಏನು ಉಪಯೋಗ?

ಉತ್ತರ: ಅವರು ರೇಗಿ ಕೇಳಿದ್ದನ್ನೇ ಅಮೆರಿಕದ ನರ್ಸ್ ಡೊರೊತಿಯಾ ಓರೆಮ್ 1950ರ ದಶಕದಲ್ಲಿ ತಣ್ಣಗೆ ಕೇಳಿಕೊಂಡಿದ್ದರು: ಒಬ್ಬ ಮನುಷ್ಯನಿಗೆ ನರ್ಸ್ ಬೇಕಾಗುವುದು ಯಾವಾಗ? ಕಾಯಿಲೆ ಬಂದಾಗ ಅಂತ ಅವರು ಹೇಳಲಿಲ್ಲ. ತನ್ನನ್ನು ತಾನು ನೋಡಿಕೊಳ್ಳುವ ಶಕ್ತಿ ಅಗತ್ಯಕ್ಕಿಂತ ಕಡಿಮೆಯಾದಾಗ ಅಂದರು. 1971ರಲ್ಲಿ ಬಂದ ಅವರ ಪುಸ್ತಕ ನಿಂತಿರುವುದು ಈ ‘ಕೊರತೆ’ಯ ಮೇಲೆ.

ಈ ಉತ್ತರದೊಳಗೇ ಗೃಹೀತ ಅಡಗಿದೆ. ಆರೈಕೆಯನ್ನು ನಾವು ಟ್ರೇಯಲ್ಲಿಟ್ಟುಕೊಂಡು ಒಳಗೆ ತರುವುದಿಲ್ಲ; ಆ ಹಿರಿಯರು ಅದನ್ನು ದಶಕಗಳಿಂದ ಮಾಡಿಕೊಂಡೇ ಬಂದವರು, ಈಗ ನಡುವೆ ಒಂದು ಕಡೆ ಕಡಿದುಹೋಗಿದೆ. ಎಲ್ಲಿ ಕಡಿದಿದೆ ಎಂದು ಹುಡುಕುವುದು ನಮ್ಮ ಕೆಲಸ.

ಮುಖ ತೊಳೆಯುವುದನ್ನೇ ಬಿಡಿಸಿ ನೋಡಿ. ಅವರ ಎಡಗೈ ಬಿದ್ದುಹೋಗಿದೆ ಎಂದಿಟ್ಟುಕೊಳ್ಳೋಣ. ಬಲಗೈಯಲ್ಲಿ ಒರೆಸಿಕೊಳ್ಳಬಲ್ಲರು. ಆದರೆ ಬಟ್ಟೆ ಹಿಂಡಲು ಎರಡು ಕೈ ಬೇಕು. ಇನ್ನೊಂದು ತೊಡಕೂ ಇರಬಹುದು: ಮಿದುಳಿನ ಬಲಭಾಗಕ್ಕೆ ಪೆಟ್ಟಾದ ಕೆಲವರಿಗೆ ಎಡಬದಿಯ ಪರಿವೆಯೇ ಇರುವುದಿಲ್ಲ. ಬಲಗೆನ್ನೆ ಸ್ವಚ್ಛವಾಗಿರುತ್ತದೆ, ಎಡಗೆನ್ನೆಯಲ್ಲಿ ಸೋಪು ಒಣಗುತ್ತಿರುತ್ತದೆ, ಅವರು ‘ಆಯ್ತು’ ಅನ್ನುತ್ತಾರೆ. ನೀವು ಬಟ್ಟೆ ಹಿಂಡಿ ಕೊಡುತ್ತೀರಿ, ಎಡಗೆನ್ನೆಯನ್ನು ನೆನಪಿಸುತ್ತೀರಿ, ಉಳಿದದ್ದು ಅವರದು. ಓರೆಮ್ ಇದನ್ನು ಭಾಗಶಃ ಪೂರೈಸುವ ವ್ಯವಸ್ಥೆ ಅನ್ನುತ್ತಾರೆ. ಪ್ರಜ್ಞೆ ಇಲ್ಲದವರಿಗೆ ಎಲ್ಲವನ್ನೂ ನಾವೇ ಮಾಡಬೇಕು. ಇನ್ಸುಲಿನ್ ಚುಚ್ಚಿಕೊಳ್ಳಲು ಕಲಿಯುತ್ತಿರುವವರಿಗೆ ಕಲಿಸಿ, ಧೈರ್ಯ ತುಂಬಿದರೆ ಸಾಕು.

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ಗೃಹೀತ ಬೇರೆ: ಸ್ವ-ಆರೈಕೆ ಹುಟ್ಟುಗುಣವಲ್ಲ, ಮನೆ-ಸಮಾಜದಲ್ಲಿ ಕಲಿತದ್ದು. ಕಲಿತದ್ದಾದರೆ ಮತ್ತೆ ಕಲಿಯಬಹುದು. ಇದನ್ನು ಒಪ್ಪದ ನರ್ಸ್ ಎರಡೇ ನಿಮಿಷದಲ್ಲಿ ಮುಖ ಒರೆಸಿ ಮುಂದಿನ ಹಾಸಿಗೆಗೆ ಹೋಗುತ್ತಾರೆ. ಒಪ್ಪಿದವರು ಹತ್ತು ನಿಮಿಷ ಕಾಯುತ್ತಾರೆ. (ವಾರ್ಡ್ ತುಂಬಿದ ದಿನ ಆ ಹತ್ತು ನಿಮಿಷ ಎಲ್ಲಿಂದ ಬರಬೇಕು ಅನ್ನುವುದಕ್ಕೆ ಸಿದ್ಧಾಂತದಲ್ಲಿ ಉತ್ತರವಿಲ್ಲ.)

ಒಂದು ಗೃಹೀತದ ಜೊತೆ ಮಾತ್ರ ನನಗೆ ಜಗಳವಿದೆ. ಜನ ಸ್ವಾವಲಂಬಿಗಳಾಗಿರಬೇಕು, ತಮ್ಮ ಮತ್ತು ಮನೆಯವರ ಆರೈಕೆಯ ಹೊಣೆ ಹೊರಬೇಕು ಅನ್ನುತ್ತದೆ ಅದು. ಆ ‘ಬೇಕು’ ಒಂದು ಮೌಲ್ಯವೇ ಹೊರತು ಕಂಡುಕೊಂಡ ಸತ್ಯವಲ್ಲ. ಕೊನೆಯ ದಿನಗಳಲ್ಲಿರುವವರಿಗೆ, ದುಃಖದಲ್ಲಿ ಮುಳುಗಿದವರಿಗೆ ಅದು ಭಾರವಾಗಬಹುದು. ಅಲ್ಲಿ ನನಗೆ ಶುಶ್ರೂಷೆಯ ಬಗ್ಗೆ ಸಿದ್ಧಾಂತ ಕಟ್ಟಿದ ಇನ್ನೊಬ್ಬರು, ಜೀನ್ ವಾಟ್ಸನ್, ಹತ್ತಿರವಾಗುತ್ತಾರೆ. 1979ರ ಅವರ ಪುಸ್ತಕದ ಒಂದು ಗೃಹೀತದಂತೆ, ಕಾಳಜಿ ಅನ್ನುವುದು ವ್ಯಕ್ತಿಯನ್ನು ಈಗಿರುವಂತೆಯೂ ಮುಂದೆ ಆಗಬಹುದಾದಂತೆಯೂ ಒಪ್ಪಿಕೊಳ್ಳುತ್ತದೆ.

ಇನ್ನು ಮನೆಯವರ ವಿಷಯ. ಬಹುಶಃ ನೀವು ಅವರಿಗೆ ಮೊದಲೇ ಏನೂ ಹೇಳಿರಲಿಲ್ಲ. ಅವರ ಕಣ್ಣಿಗೆ ನೀವು ಕೈಕಟ್ಟಿ ನಿಂತಂತೆ ಕಂಡಿತು. ‘ಬಟ್ಟೆ ಹಿಂಡಿ ಕೊಡೋದು ನನ್ನ ಕೆಲಸ, ಒರೆಸ್ಕೊಳ್ಳೋದು ಅವರದು, ಎಡಗೆನ್ನೆ ಮರೆತರೆ ನೀವು ನೆನಪಿಸಿ’ ಅಂದು ನೋಡಿ. ಅದಕ್ಕೂ ಮೊದಲು, ಆ ಹಿರಿಯರು ಬೀಳದೆ ಕೂರಬಲ್ಲರೇ, ದಣಿದಿದ್ದಾರೆಯೇ ಎಂದು ಖಚಿತ ಮಾಡಿಕೊಳ್ಳಿ.

ನೋಟ್ಸ್‌ನಲ್ಲಿ ‘ಮುಖ ತೊಳೆಯಲಾಯಿತು’ ಎಂದು ಬರೆದು ಮುಗಿಸಬೇಡಿ. ಅವರೆಷ್ಟು ಮಾಡಿದರು, ನೀವೆಷ್ಟು ಮಾಡಿದಿರಿ ಎಂದು ಬರೆಯಿರಿ. ಇಲ್ಲವಾದರೆ ರಾತ್ರಿ ಪಾಳಿಯ ಸಿಸ್ಟರ್ ಪೂರ್ತಿ ತಾವೇ ಒರೆಸಿಬಿಡುತ್ತಾರೆ.