ಮರಳಗುಳಿಯ ಮುಂದೆ 15 ನಿಮಿಷ

ಓದುಗರ ಪತ್ರ: "ನಮ್ಮ ಸಂರಕ್ಷಣಾ ಬಳಗದವರು ಭಾನುವಾರ ಬೆಳಿಗ್ಗೆ ನಿಸರ್ಗ ನಡಿಗೆ ಇಟ್ಟುಕೊಂಡಿದ್ದರು. 6 ಕಿ.ಮೀ. ದಾರಿ, 300 ಮೀಟರ್ ಏರು, ಎರಡೂವರೆ ಗಂಟೆ ಎಂದು ಪ್ರಕಟಣೆಯಲ್ಲಿತ್ತು. ಆ ಎರಡೂವರೆ ಗಂಟೆಯಲ್ಲಿ ನಾವು ನಡೆದದ್ದು ಒಂದೂವರೆ ಕಿ.ಮೀ. ಬೆಟ್ಟದ ತುದಿ ಹತ್ತಲೇ ಇಲ್ಲ. 15 ಜನಕ್ಕಷ್ಟೇ ಅವಕಾಶ ಎಂದು ನನ್ನ ತಂಗಿಯ ಮನೆಯವರನ್ನು ವಾಪಸು ಕಳಿಸಿದರು. ಹೊರಡುವ ಮೊದಲು ಎಲ್ಲರ ಬೂಟಿನ ತಳ ಉಜ್ಜಿಸಿದರು. ಮೊಬೈಲಿನಲ್ಲಿ ಕೂಗು ಹಾಕಿ ಹಕ್ಕಿಯನ್ನು ಕರೆಯಿರಿ ಎಂದರೆ ಒಪ್ಪಲಿಲ್ಲ. ದಾರಿ ತೋರಿಸುತ್ತಿದ್ದ ಹುಡುಗಿ ಮೂರು ಸಲ 'ಇದು ನನಗೆ ಗೊತ್ತಿಲ್ಲ' ಅಂದಳು. ಮರಳಿನಲ್ಲಿದ್ದ ಯಾವುದೋ ಹುಳದ ಗುಳಿಯ ಮುಂದೆ ಎಲ್ಲರನ್ನೂ 15 ನಿಮಿಷ ಕೂರಿಸಿದಳು. ನನ್ನ 8 ವರ್ಷದ ಮೊಮ್ಮಗಳಂತೂ ಅಲ್ಲಿಂದ ಏಳಲೊಲ್ಲಳು. ಜಾಗೃತಿ ಮೂಡಿಸಬೇಕಾದವರು ಹೀಗೆ ಕಾಲಹರಣ ಮಾಡಿದರೆ ಸಂರಕ್ಷಣೆ ಆಗುವುದು ಯಾವಾಗ? ಮುಂದಿನ ತಿಂಗಳೂ ಅದೇ ದಾರಿಯಂತೆ. ಹೋಗಬೇಕೇ?"

ಸಂಪಾದಕರ ಉತ್ತರ: ನಿಮ್ಮ ದೂರುಗಳಲ್ಲಿ ಒಂದು ನ್ಯಾಯವಾದದ್ದು, ಅದನ್ನು ಮೊದಲೇ ಒಪ್ಪಿಬಿಡುತ್ತೇನೆ. 6 ಕಿ.ಮೀ. ಎಂದು ಪ್ರಕಟಿಸಿ ಒಂದೂವರೆ ಕಿ.ಮೀ. ನಡೆಸಿದ್ದು ತಪ್ಪು. ನೀರೆಷ್ಟು ಹೊರಬೇಕು, ಕಾಲಿಗೇನು ಹಾಕಬೇಕು, ಮನೆಯ ಹಿರಿಯರನ್ನು ಕರೆದೊಯ್ಯಬಹುದೇ ಎಂಬುದನ್ನೆಲ್ಲ ಜನ ಪ್ರಕಟಣೆ ನೋಡಿಯೇ ನಿರ್ಧರಿಸುತ್ತಾರೆ. 6 ಕಿ.ಮೀ. ಎಂದು ಓದಿ ಹಿಂಜರಿದ ಮಂಡಿನೋವಿನವರಿಗೆ ಒಂದೂವರೆ ಕಿ.ಮೀ. ಸಲೀಸಾಗಿತ್ತು. ಆದರೆ ಪ್ರಕಟಣೆ ಬರೆದವರ ತಪ್ಪಿಗೆ ದಾರಿ ತೋರಿಸಿದವರನ್ನು ಬಯ್ಯುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ.

ಲೆಕ್ಕ ಹಾಕಿಯೇ ನೋಡೋಣ. ವಿಲಿಯಂ ನೈಸ್ಮಿತ್ ಎಂಬ ಸ್ಕಾಟ್ಲೆಂಡಿನ ಪರ್ವತಾರೋಹಿ 1892ರಲ್ಲಿ ಹೇಳಿದ ಸೂತ್ರ ಇವತ್ತಿಗೂ ಚಾರಣಿಗರ ಬಳಕೆಯಲ್ಲಿದೆ. ಸಮತಟ್ಟಿನಲ್ಲಿ ಗಂಟೆಗೆ ಸುಮಾರು 5 ಕಿ.ಮೀ., ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ನಿಮ್ಮ 6 ಕಿ.ಮೀ.ಗೆ 1 ಗಂಟೆ 12 ನಿಮಿಷ, 300 ಮೀಟರ್ ಏರಿಗೆ ಅರ್ಧ ಗಂಟೆ. ಒಟ್ಟು 1 ಗಂಟೆ 42 ನಿಮಿಷ. ಇದು ಗಟ್ಟಿಮುಟ್ಟಾದವರು ಎಲ್ಲೂ ನಿಲ್ಲದೆ ನಡೆಯುವ ಲೆಕ್ಕ. ಮಕ್ಕಳು, ವಯಸ್ಸಾದವರು ಇರುವ ಗುಂಪಿಗೆ ಅದರ ಒಂದೂವರೆ ಪಟ್ಟಾದರೂ ಹಿಡಿಯಬೇಕು. ಅಲ್ಲಿಗೆ 2 ಗಂಟೆ 33 ನಿಮಿಷವಾಯಿತು. ನಿಮ್ಮ ಎರಡೂವರೆ ಗಂಟೆ ಬರೀ ನಡೆಯುವುದಕ್ಕೇ ಸಾಲದು. ಒಂದು ಹೂವನ್ನು ಬಗ್ಗಿ ನೋಡಲು ಅರ್ಧ ನಿಮಿಷವೂ ಉಳಿಯುವುದಿಲ್ಲ. ತುದಿ ಮುಟ್ಟಿಸಬೇಕಿದ್ದರೆ ಆಕೆ ನಿಮ್ಮನ್ನು ಓಡಿಸಬೇಕಿತ್ತು. ಓಡಿಸಲಿಲ್ಲ, ಸರಿಯಾದ ಕೆಲಸವನ್ನೇ ಮಾಡಿದ್ದಾರೆ.

ಇನ್ನು ನಿಮ್ಮ ತಂಗಿಯ ಮನೆಯವರ ವಿಚಾರ. ವಾಪಸು ಹೋದವರ ಬೇಸರ ಅರ್ಥವಾಗುತ್ತದೆ. ಆದರೂ 15 ಎಂಬುದು ಯಾರದೋ ಹಟದಿಂದ ಬಂದ ಸಂಖ್ಯೆಯಲ್ಲ. ಕಾಲುದಾರಿಯಲ್ಲಿ ಒಬ್ಬರ ಹಿಂದೆ ಒಬ್ಬರೇ ನಡೆಯಬೇಕು. ನಡುವೆ ಒಂದೂವರೆ ಮೀಟರ್ ಬಿಟ್ಟರೆ 15 ಜನರ ಸಾಲು 21 ಮೀಟರ್ ಆಗುತ್ತದೆ. ಕೂಗದೆ ಮಾತಾಡಿದರೆ ದನಿ ಮುಟ್ಟುವುದು ಹೆಚ್ಚುಕಡಿಮೆ ಅಷ್ಟೇ ದೂರಕ್ಕೆ. 60 ಜನರಾದರೆ ಸಾಲು 90 ಮೀಟರ್ ಹತ್ತಿರ ಹೋಗುತ್ತದೆ. ಮುಂದಿನವರು ನೋಡಿ ಮುಗಿಸಿದ ಮೇಲೆ ಹಿಂದಿನವರು ಬಂದು "ಏನಿತ್ತಂತೆ?" ಎಂದು ಕೇಳುತ್ತಾರೆ, ಅಷ್ಟರಲ್ಲಿ ಹಕ್ಕಿ ಹಾರಿಹೋಗಿರುತ್ತದೆ. ಪಳಗಿದ ಮಾರ್ಗದರ್ಶಿಗಳು ತೋರಿಸಬೇಕಾದ ವಸ್ತುವಿನ ಎದುರಿಗೇ ನಿಲ್ಲುವುದಿಲ್ಲ. ಅದನ್ನು ದಾಟಿ, ಸಾಲಿನ ಅರ್ಧದಷ್ಟು ಮುಂದೆ ಹೋಗಿ, ಆಮೇಲೆ ಹಿಂದಿರುಗಿ ಬರುತ್ತಾರೆ. ಆಗ ವಸ್ತು ಸಾಲಿನ ನಟ್ಟನಡುವೆ ಇರುತ್ತದೆ. ಮಾತಾಡುವಾಗ ಬಿಸಿಲು ತಮ್ಮ ಮುಖಕ್ಕೆ ಬೀಳುವಂತೆ ನಿಲ್ಲುತ್ತಾರೆ, ಕೇಳುವವರು ಕಣ್ಣು ಕಿರಿದು ಮಾಡಬೇಕಾಗದಿರಲಿ ಎಂದು. ತೀರ ನಿಧಾನದವರನ್ನು ತಮ್ಮ ಹಿಂದೆಯೇ ನಡೆಸಿಕೊಳ್ಳುತ್ತಾರೆ. ಇದು ತಪ್ಪಿದರೆ ಆಗುವುದೇನೆಂದರೆ, ಚುರುಕಿನವರು ಮುಂದೆ ಹೋಗಿ ಕೂತು ದಣಿವಾರಿಸಿಕೊಂಡು, ನಿಧಾನದವರು ಬಂದು ಮುಟ್ಟಿದೊಡನೆ "ಹೊರಡೋಣವೇ?" ಅನ್ನುತ್ತಾರೆ. ವಿಶ್ರಾಂತಿ ಬೇಕಾದವರಿಗೆ ವಿಶ್ರಾಂತಿಯೇ ಸಿಗುವುದಿಲ್ಲ.

ಸಾಲಿನ ಕೊನೆಗೆ ಪ್ರಥಮ ಚಿಕಿತ್ಸೆಯ ಚೀಲ ಹೊತ್ತ ಒಬ್ಬರು ಇದ್ದಿರಬೇಕು, ನೀವು ಬರೆದಿಲ್ಲ. ದಾರಿ ಕವಲೊಡೆಯುವಲ್ಲೆಲ್ಲ ತಲೆ ಎಣಿಸುವುದು ಅವರ ಕೆಲಸ. ಜನ ತಪ್ಪಿಸಿಕೊಳ್ಳುವುದು ದಟ್ಟ ಕಾಡಿನಲ್ಲಲ್ಲ, ಲೇಸು ಕಟ್ಟಿಕೊಳ್ಳಲು ಕವಲಿನ ಹತ್ತಿರ ಹಿಂದುಳಿದಾಗ.

ನಿಮ್ಮ ಕಣ್ಣಿಗೆ ಬೀಳದ ಇನ್ನೊಂದು ಕೆಲಸ ಹಿಂದಿನ ದಿನವೇ ಆಗಿರುತ್ತದೆ. ನಡಿಗೆ ನಡೆಯುವ ಹೊತ್ತಿಗೇ ಅದೇ ದಾರಿಯಲ್ಲಿ ಹೋಗಿ ಮರ ಬಿದ್ದಿದೆಯೇ, ಹಳ್ಳದಲ್ಲಿ ನೀರು ಏರಿದೆಯೇ, ಕೊಂಬೆಯಲ್ಲಿ ಜೇನು ಹೊಸದಾಗಿ ಕಟ್ಟಿದೆಯೇ ಎಂದು ನೋಡಿ ಬರಬೇಕು. ಜೇನು ಕಂಡರೆ ದಾರಿ ಬದಲಿಸಲೇಬೇಕು. ಒಂದು ನೊಣ ಕಚ್ಚಿದರೂ ಅದು ಬಿಡುವ ಎಚ್ಚರಿಕೆಯ ವಾಸನೆಗೆ ಉಳಿದವು ಮುಗಿಬೀಳುತ್ತವೆ. ಮಾಗಿದ ಬಾಳೆಹಣ್ಣಿನಂಥ ವಾಸನೆ ಅದು. ಆ ಹೊತ್ತಿನಲ್ಲಿ ಕೈಬೀಸುತ್ತ ನಿಲ್ಲಬಾರದು. ಮುಖ ಮುಚ್ಚಿಕೊಂಡು ದೂರ ಓಡಬೇಕು.

ಬೂಟು ಉಜ್ಜಿಸಿದ್ದು ಮಡಿವಂತಿಕೆಯಲ್ಲ. ಕಪ್ಪೆಗಳ ಚರ್ಮಕ್ಕೆ ತಗಲುವ ಕೈಟ್ರಿಡ್ ಎಂಬ ಶಿಲೀಂಧ್ರವನ್ನು ವಿಜ್ಞಾನಿಗಳು ಗುರುತಿಸಿ ಹೆಸರಿಟ್ಟದ್ದು 1999ರಲ್ಲಿ. 501 ಉಭಯಚರ ಪ್ರಭೇದಗಳು ಇಳಿಮುಖವಾಗುವುದಕ್ಕೆ ಅದೇ ಕಾರಣ, ಅವುಗಳಲ್ಲಿ 90 ಅಳಿದೇಹೋಗಿರಬೇಕು ಎಂದು 2019ರ ಅಧ್ಯಯನವೊಂದು ಲೆಕ್ಕ ಕೊಟ್ಟಿತು. ಅದು ಒಂದು ಕೆರೆಯಿಂದ ಇನ್ನೊಂದಕ್ಕೆ ಸಾಗುವ ಬಗೆಗಳಲ್ಲಿ ನಮ್ಮ ಬೂಟಿಗೆ ಅಂಟಿದ ಹಸಿ ಕೆಸರೂ ಒಂದು. ಬ್ರಷ್ಷಿನಿಂದ ಕೆಸರು ತೆಗೆದು ಬೂಟನ್ನು ಪೂರ್ತಿ ಒಣಗಿಸಿದರೆ ಅಪಾಯ ಬಹಳ ಮಟ್ಟಿಗೆ ತಗ್ಗುತ್ತದೆ. ಎರಡು ನಿಮಿಷದ ಕೆಲಸ, ಅದಕ್ಕೂ ಬೇಸರಪಟ್ಟುಕೊಂಡರೆ ಹೇಗೆ?

ಹಕ್ಕಿಯನ್ನು ಮೊಬೈಲಿನಿಂದ ಕರೆಯದೇ ಇದ್ದದ್ದಕ್ಕೆ ನಾನು ಆಕೆಗೆ ಕೈಮುಗಿಯುತ್ತೇನೆ. ಆ ಕೂಗು ಕೇಳಿದ ಗಂಡುಹಕ್ಕಿಗೆ ತನ್ನ ಜಾಗಕ್ಕೆ ಎದುರಾಳಿ ನುಗ್ಗಿದ್ದಾನೆ ಅನ್ನಿಸುತ್ತದೆ. ಮರಿಗೆ ಹುಳು ತರುವುದನ್ನು ಬಿಟ್ಟು ಜಗಳಕ್ಕೆ ಬರುತ್ತದೆ. ವಾರ ವಾರವೂ ಒಂದೊಂದು ಗುಂಪು ಹೀಗೇ ಕರೆದರೆ ಅದರ ಗೂಡಿನ ಗತಿಯೇನು? ಹಕ್ಕಿ ನೋಡಲು ಕೂಗು ಬೇಕಿಲ್ಲ. ಬರಿಗಣ್ಣಿಗೆ ಹಕ್ಕಿ ಕಂಡ ಮೇಲೆ ದೃಷ್ಟಿ ಕದಲಿಸದೆ ಬೈನಾಕ್ಯುಲರನ್ನು ಕಣ್ಣಿಗೆ ತರಬೇಕು. ಹೊಸಬರು ಕಣ್ಣು ಕೆಳಗಿಳಿಸಿ ಬೈನಾಕ್ಯುಲರ್ ನೋಡುತ್ತಾರೆ, ಮತ್ತೆ ತಲೆಯೆತ್ತಿದಾಗ ಯಾವ ಕೊಂಬೆ ಎಂಬುದೇ ಮರೆತಿರುತ್ತದೆ. ಲೆನ್ಸಿನದೂ ಇಂಥದೇ ಕಥೆ. 10 ಪಟ್ಟು ಹಿಗ್ಗಿಸುವ ಪುಟ್ಟ ಲೆನ್ಸನ್ನು ಎಲೆಯ ಮೇಲೆ ಹಿಡಿದು ದೂರದಿಂದ ನೋಡಿದರೆ ಮಂಜು ಮಂಜು. ಅದನ್ನು ಕಣ್ಣಿಗೇ ಒತ್ತಿಕೊಂಡು, ಕೈಯನ್ನು ಕೆನ್ನೆಗೆ ಆನಿಸಿ, ಎಲೆಯನ್ನು ಎರಡೂವರೆ ಸೆಂ.ಮೀ. ಹತ್ತಿರ ತರಬೇಕು. ಬಂಡೆಗೆ ಅಂಟಿದ ಕಲ್ಲುಹೂವನ್ನು ಹೀಗೊಮ್ಮೆ ನೋಡಿ. ಒಣಗಿದ ಕಲೆ ಅಂದುಕೊಂಡದ್ದು ಬಟ್ಟಲುಗಳ ಊರಾಗಿ ಕಾಣುತ್ತದೆ.

ಈಗ ಆ ಗುಳಿಗೆ ಬರೋಣ. ನಿಮ್ಮ ಪತ್ರದಲ್ಲಿ ನನಗೆ ಅತ್ಯಂತ ಇಷ್ಟವಾದ ಸಾಲು ನೀವು ದೂರೆಂದು ಬರೆದ ಸಾಲೇ. ನಾಲ್ಕೈದು ಸೆಂ.ಮೀ. ಅಗಲದ, ಆಲಿಕೆಯಂಥ ಆ ಗುಳಿಯ ತಳದಲ್ಲಿ ಇರುವೆಸಿಂಹ (ಆಂಟ್‌ಲಯನ್) ಎಂಬ ಕೀಟದ ಮರಿಹುಳು ಮರಳಿನೊಳಗೆ ಹುದುಗಿ ದವಡೆ ತೆರೆದು ಕೂತಿರುತ್ತದೆ. ಮಳೆ ಬೀಳದ ಕಡೆ, ಬಂಡೆಯ ಚಾಚಿನಡಿ, ಬೇರಿನ ಮರೆಯಲ್ಲಿ, ನುಣ್ಣನೆಯ ಒಣಮರಳು ಸಿಕ್ಕಲ್ಲಿ ಅದು ಹಿಮ್ಮುಖವಾಗಿ ಸುತ್ತುತ್ತ, ತಲೆಯಿಂದ ಮರಳು ಚಿಮ್ಮುತ್ತ ಗುಳಿ ತೋಡುತ್ತದೆ. ಗೋಡೆ ಎಷ್ಟು ಕಡಿದೆಂದರೆ ಇನ್ನೊಂದು ಕಾಳು ಬಿದ್ದರೂ ಜಾರುತ್ತದೆ. ಅಂಚಿಗೆ ಬಂದ ಇರುವೆ ಜಾರುತ್ತದೆ, ಹತ್ತುತ್ತದೆ. ತಳದಿಂದ ಮರಳಿನ ಮಳೆ ಅದರ ಮೇಲೆ ಬೀಳುತ್ತದೆ. ಮರಳು ಇರುವೆಗೆ ತಾಗಬೇಕೆಂದೇನಿಲ್ಲ, ಅದರ ಕಾಲಡಿಯ ಗೋಡೆ ಕುಸಿದರೆ ಸಾಕು. ದವಡೆಗೆ ಸಿಕ್ಕ ಇರುವೆಯ ರಸ ಹೀರಿ, ಸಿಪ್ಪೆಯನ್ನು ತಲೆಯಿಂದಲೇ ಹೊರಗೆಸೆಯುತ್ತದೆ. ಗುಳಿಯ ಸುತ್ತ ಇರುವೆಯ ಒಣ ತಲೆಗಳು ಬಿದ್ದಿರುವುದನ್ನು ನಿಮ್ಮ ಮೊಮ್ಮಗಳು ಕಂಡಿರುತ್ತಾಳೆ, ಕೇಳಿ ನೋಡಿ. ಇನ್ನೂ ಒಂದು ವಿಶೇಷ: ಮರಿಹುಳುವಾಗಿರುವಷ್ಟು ಕಾಲ ಅದು ಮಲ ವಿಸರ್ಜಿಸುವುದೇ ಇಲ್ಲ. ತಿಂದದ್ದರ ಶೇಷವೆಲ್ಲ ಒಳಗೇ ಉಳಿದು, ರೆಕ್ಕೆ ಬಂದ ಮೇಲೆ ಹೊರಬರುತ್ತದೆ. ಇಷ್ಟೆಲ್ಲ ಅಂಗೈಯಗಲ ಜಾಗದಲ್ಲಿ ನಡೆಯುತ್ತಿರುವಾಗ ಬೆಟ್ಟದ ತುದಿಯಲ್ಲಿ ನೋಡಬೇಕಾದದ್ದೇನಿತ್ತು? ದೂರದ ಬೆಟ್ಟ ನುಣ್ಣಗೆ. ನುಣ್ಣಗಿನ ಬೆಟ್ಟದ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವುದು ಬೇರೆ, ಬೆಟ್ಟವನ್ನು ನೋಡುವುದು ಬೇರೆ.

2002ರಲ್ಲಿ ಪ್ರಕಟವಾದ ಅಧ್ಯಯನವೊಂದಕ್ಕಾಗಿ ಬ್ರಿಟನ್ನಿನ ಸಂಶೋಧಕರು ಶಾಲಾಮಕ್ಕಳಿಗೆ ಚಿತ್ರ ತೋರಿಸಿ ಹೆಸರು ಕೇಳಿದ್ದರು. ನಿಮ್ಮ ಮೊಮ್ಮಗಳ ವಯಸ್ಸಿನ, 8 ವರ್ಷದ ಮಕ್ಕಳು ಪೊಕೆಮಾನ್ ಎಂಬ ಕಾರ್ಟೂನು ಜೀವಿಗಳಲ್ಲಿ ನೂರಕ್ಕೆ ಸುಮಾರು 78 ಗುರುತಿಸಿದರೆ, ತಮ್ಮ ಸುತ್ತಲಿನ ಗಿಡ, ಪ್ರಾಣಿ, ಕೀಟಗಳಲ್ಲಿ ಗುರುತಿಸಿದ್ದು 53. ಮಕ್ಕಳಿಗೆ ನೆನಪಿನ ಶಕ್ತಿ ಇಲ್ಲದ್ದಕ್ಕಲ್ಲ. ಯಾವುದರ ಮುಂದೆ ಕೂರಲು ಬಿಟ್ಟೆವೋ ಅದನ್ನು ಕಲಿತರು, ಅಷ್ಟೇ.

"ಗೊತ್ತಿಲ್ಲ" ಅಂದದ್ದು ನಿಮಗೆ ಕೊರತೆಯಾಗಿ ಕಂಡಿದೆ. ಹೆಸರಿಟ್ಟಿರುವ ಕೀಟ ಪ್ರಭೇದಗಳೇ ಸುಮಾರು 10 ಲಕ್ಷ, ಹೆಸರಿಲ್ಲದವು ಅದಕ್ಕಿಂತ ಎಷ್ಟೋ ಹೆಚ್ಚು. ಕಂಡದ್ದಕ್ಕೆಲ್ಲ ತಡವರಿಸದೆ ಹೆಸರು ಹೇಳುವವರನ್ನು ನಂಬಬೇಡಿ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಎಲ್ಲರೆದುರು ಹೇಳುವ ಗುರುಗಳು ಇಂದು ತರಗತಿಗಳಲ್ಲಿಯೇ ಅಪರೂಪ. ಆಕೆಯನ್ನು ಕಳೆದುಕೊಳ್ಳಬೇಡಿ ಎಂದು ಬಳಗದವರಿಗೂ ಹೇಳುತ್ತೇನೆ.

"ಮತ್ತೆ ಅದೇ ದಾರಿ" ಎಂದು ನೀವು ಮೂಗು ಮುರಿದಿದ್ದೀರಿ. ಡಾರ್ವಿನ್ ತನ್ನ ಮನೆಯ ಹತ್ತಿರದ ಒಂದೇ ಪುಟ್ಟ ಸುತ್ತುದಾರಿಯಲ್ಲಿ ದಶಕಗಳ ಕಾಲ ದಿನವೂ ನಡೆದ. 1900ರ ಕ್ರಿಸ್‌ಮಸ್ ದಿನ ಅಮೆರಿಕದ ಪಕ್ಷಿತಜ್ಞ ಫ್ರಾಂಕ್ ಚಾಪ್ಮನ್, ಹಬ್ಬದ ದಿನ ಹಕ್ಕಿ ಹೊಡೆಯುವ ಪಂದ್ಯದ ಬದಲು ಹಕ್ಕಿ ಎಣಿಸೋಣ ಎಂದು ಕರೆ ಕೊಟ್ಟರು. ಬಂದವರು 27 ಮಂದಿ. ಆ ಎಣಿಕೆ ಇವತ್ತಿಗೂ ನಿಂತಿಲ್ಲ. ಅದರ ಬೆಲೆಯೆಲ್ಲ ಇರುವುದು ಗೊತ್ತುಪಡಿಸಿದ 24 ಕಿ.ಮೀ. ವ್ಯಾಸದ ವೃತ್ತದೊಳಗೆ ವರ್ಷ ವರ್ಷವೂ ಮತ್ತೆ ಎಣಿಸುವುದರಲ್ಲಿ. ಒಮ್ಮೆ ನೋಡಿ ಬಂದವರಿಗೆ ಹಕ್ಕಿ ಇದೆ ಎಂದು ತಿಳಿಯುತ್ತದೆ, ಕಡಿಮೆಯಾಗುತ್ತಿದೆ ಎಂಬುದು ತಿಳಿಯುವುದು ಮತ್ತೆ ಮತ್ತೆ ಹೋದವರಿಗೆ ಮಾತ್ರ. 1903ರ ಮೇ ತಿಂಗಳಲ್ಲಿ ಅಮೆರಿಕದ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಪರಿವಾರವನ್ನು ಬಿಟ್ಟು ನಿಸರ್ಗಪ್ರೇಮಿ ಲೇಖಕ ಜಾನ್ ಮ್ಯೂರ್ ಜೊತೆ ಕ್ಯಾಲಿಫೋರ್ನಿಯಾದ ಯೊಸೆಮಿಟಿ ಎಂಬ ಬೆಟ್ಟಗಾಡಿನಲ್ಲಿ ಮೂರು ರಾತ್ರಿ ಬಯಲಲ್ಲೇ ಮಲಗಿದರು, ಒಂದು ಬೆಳಿಗ್ಗೆ ಎದ್ದಾಗ ಹೊದಿಕೆಯ ಮೇಲೆ ಹಿಮ ಬಿದ್ದಿತ್ತು. 1906ರಲ್ಲಿ ಅಲ್ಲಿನ ಕಣಿವೆ ರಾಷ್ಟ್ರೀಯ ಉದ್ಯಾನದೊಳಕ್ಕೆ ಬಂತು. ನಾಲ್ಕಾರು ಜನರ ನಿಧಾನದ ನಡಿಗೆಯಿಂದ ಏನಾಗುತ್ತದೆ ಎಂದು ಕೇಳುವವರಿಗೆ ಇದು ನನ್ನ ಉತ್ತರ. ಅದೇ ಮ್ಯೂರ್ ಕಟ್ಟಿದ ಸಿಯೆರಾ ಕ್ಲಬ್ ಎಂಬ ಸಂರಕ್ಷಣಾ ಸಂಘ 1901ರಿಂದ ದೊಡ್ಡ ದೊಡ್ಡ ತಂಡಗಳನ್ನು ಬೆಟ್ಟಕ್ಕೆ ಕರೆದೊಯ್ಯತೊಡಗಿತು. ಜನರ ಕಾಲಿಗೆ, ಹೇಸರಗತ್ತೆಗಳ ಗೊರಸಿಗೆ ಹುಲ್ಲುಗಾವಲು ಸಿಕ್ಕಿ ಸವೆಯಿತು. ಮುಂದೆ ಕ್ಲಬ್ಬೇ ತಂಡಗಳನ್ನು ಚಿಕ್ಕದು ಮಾಡಬೇಕಾಯಿತು.

ಈ ಪಾಠವನ್ನು ನಾವು ಕಲಿತಿಲ್ಲ ಎಂಬುದೇ ನನ್ನ ಸಂಕಟ. ಸಂರಕ್ಷಣೆಯ ಕೆಲಸವೆಂದರೆ ತಲೆ ಎಣಿಕೆ ಎಂದಾಗಿದೆ. ವರದಿಯ ಮೊದಲ ಕಲಂ "ಭಾಗವಹಿಸಿದವರ ಸಂಖ್ಯೆ". ಯಾರಿಗೆ ಏನು ಕಂಡಿತು ಎಂಬ ಕಲಂ ಯಾವ ನಮೂನೆಯಲ್ಲೂ ಇಲ್ಲ. ಜೂನ್ 5 ಬಂತೆಂದರೆ ಒಂದು ಸಸಿಯನ್ನು ಹತ್ತು ಜನ ಹಿಡಿದು ನಿಲ್ಲುತ್ತಾರೆ, ಜುಲೈ 5ರಂದು ನೀರು ಹಾಕುವವರಿಲ್ಲ. ನಾಲ್ಕು ಬಸ್ಸಿನಲ್ಲಿ ಮಕ್ಕಳನ್ನು ತುಂಬಿ ಕರೆದೊಯ್ದು, ಧ್ವನಿವರ್ಧಕದಲ್ಲಿ ಭಾಷಣ ಕೇಳಿಸಿ, ಚಿತ್ರಸ್ಪರ್ಧೆ ಮಾಡಿ, ಬಹುಮಾನ ಹಂಚಿ ಸಂಜೆಯೊಳಗೆ ಮರಳಿಸುವುದಕ್ಕೆ ಪರಿಸರ ಶಿಕ್ಷಣ ಎಂಬ ಹೆಸರು. ಪೆಂಗ್ವಿನ್ ಬರೆದು ಮೊದಲ ಬಹುಮಾನ ಪಡೆದ ಮಗುವಿಗೆ ಶಾಲೆಯ ಗೇಟಿನ ಪಕ್ಕದ ಮರದ ಹೆಸರು ಗೊತ್ತಿರುವುದಿಲ್ಲ, ಕಲಿಸುವವರೂ ಕೇಳುವುದಿಲ್ಲ. ಇಂಥ ಕಾಟಾಚಾರಕ್ಕೆ ಹಣವಿದೆ, ವೇದಿಕೆಯಿದೆ, ಪತ್ರಿಕೆಗಳಲ್ಲಿ ಫೋಟೋ ಇದೆ. ಭಾನುವಾರದ ನಿದ್ದೆ ಬಿಟ್ಟು, ಶನಿವಾರವೇ ದಾರಿ ನೋಡಿ ಬಂದು, 15 ಜನಕ್ಕೆ ಒಂದು ಗುಳಿ ತೋರಿಸುವವರ ಕೆಲಸ ಮಾತ್ರ ಕಾಲಹರಣ!

ಮುಂದಿನ ತಿಂಗಳು ಖಂಡಿತ ಹೋಗಿ. ನಿಮ್ಮ ತಂಗಿಯ ಮನೆಯವರ ಹೆಸರನ್ನು ಈಗಲೇ ಬರೆಸಿಡಿ. ಕಲ್ಲು ಎತ್ತಿ ನೋಡುವ ಸಂದರ್ಭ ಬಂದರೆ ಆಚೆ ಅಂಚನ್ನು ಹಿಡಿದು ನಿಮ್ಮ ಕಡೆಗೆ ಎತ್ತಿ, ಅಡಿಯಲ್ಲಿ ಹಾವೋ ಚೇಳೋ ಇದ್ದರೆ ಕಲ್ಲೇ ಅಡ್ಡವಾಗುತ್ತದೆ. ನೋಡಿದ ಮೇಲೆ ಇದ್ದ ಹಾಗೆಯೇ ಇಡಿ. ಗುಳಿಯ ಅಂಚು ಸವೆದು ಕುಸಿದಿದ್ದರೆ ಹುಳು ಸತ್ತಿತೆಂದು ಮೊಮ್ಮಗಳಿಗೆ ಹೇಳಬೇಡಿ. ಬಲಿತ ಹುಳು ಮರಳಿನ ಕಾಳುಗಳನ್ನು ರೇಷ್ಮೆಯೆಳೆಯಿಂದ ಹೊಸೆದು ಗೋಲಿಯಂಥ ಉಂಡೆ ಕಟ್ಟಿಕೊಂಡು ಮರಳಿನಡಿ ಕೂತಿರಬಹುದು. ಕೆಲವು ವಾರಗಳಾದ ಮೇಲೆ ರೆಕ್ಕೆ ತೊಟ್ಟು ಹೊರಬರುತ್ತದೆ. ನೋಡಲು ಏರೋಪ್ಲೇನ್ ಚಿಟ್ಟೆಯ ಹಾಗೆಯೇ, ಆದರೆ ಮೀಸೆ ಉದ್ದ, ತುದಿ ದಪ್ಪ. ಕೆದಕಿ ಹುಡುಕಲು ಹೋಗಬೇಡಿ. ಪಕ್ಕದಲ್ಲಿ ಇನ್ನೊಂದು ಗುಳಿ ಇದ್ದೇ ಇರುತ್ತದೆ. ಅಂಚಿನ ಮರಳು ಉದುರದಷ್ಟು ದೂರದಲ್ಲಿ ಮೊಮ್ಮಗಳ ಪಕ್ಕ ಕೂತುಕೊಳ್ಳಿ. ಈ ಸಲ ಇರುವೆ ಬರಲು 15 ನಿಮಿಷಕ್ಕಿಂತ ಹೆಚ್ಚೇ ಹಿಡಿಯಬಹುದು.