ಮಂಡಿ ಸವೆದ ಅಮ್ಮನಿಗೆ ಪೂರ್ತಿ ರೆಸ್ಟ್ ಕೊಡಬೇಕಾ, ಆಪರೇಷನ್ ಮಾಡಿಸಬೇಕಾ?

ಅಮ್ಮನಿಗೆ ದಿನಾ ನೋವು, ಎಲ್ಲ ಕೆಲಸ ಬಿಡಿಸಿ ಕೂರಿಸಿದ್ದೇವೆ ಅಂತ ಬರೆದಿದ್ದೀರಿ. ನನ್ನನ್ನೂ ಹೀಗೇ ಕೂರಿಸಿದ್ದರು.

ನಮ್ಮದು ಶಿಡ್ಲಘಟ್ಟದ ಹತ್ತಿರ ಒಂದು ಹಳ್ಳಿ. ರೇಷ್ಮೆ ಸಾಕುವ ಮನೆ. ಮೂವತ್ತು ವರ್ಷ ಕುಕ್ಕರಗಾಲಲ್ಲಿ ಕೂತು ಹುಳುವಿಗೆ ಸೊಪ್ಪು ಹಾಕಿದ್ದೇನೆ. 56ನೇ ವಯಸ್ಸಲ್ಲಿ ಎಕ್ಸ್‌ರೇ ತೆಗೆಸಿದಾಗ ಎರಡೂ ಮಂಡಿ ಸವೆದಿದೆ, ಬಲಗಡೆ ಜಾಸ್ತಿ ಅಂದರು. ಮನೆಯವರೆಲ್ಲ ಹೆದರಿದರು. ಸೊಸೆ ಕಾಫಿಯನ್ನೂ ಕುರ್ಚಿಗೇ ತಂದುಕೊಡುತ್ತಿದ್ದಳು, ಪಾಪ, ಪ್ರೀತಿಯಿಂದಲೇ. ಕೂತಾಗ ನೋವಿರಲಿಲ್ಲ, ಹಾಗಾಗಿ ನಾನೂ ಒಪ್ಪಿಕೊಂಡೆ. ಎಂಟು ತಿಂಗಳು ಹಾಗೇ ಹೋಯಿತು.

ಆ ಸಲದ ಹುಳು ಹಣ್ಣಾಗಿ ಗೂಡು ಕಟ್ಟಲು ತಯಾರಾದ ದಿನ ಆಳು ಸಿಗಲಿಲ್ಲ. ಹಣ್ಣಾದ ಹುಳು ನಾಳೆಗೆ ಕಾಯುವುದಿಲ್ಲ. ನಾನೂ ಎದ್ದೆ. ಚಂದ್ರಿಕೆ ಅಂದರೆ ಹುಳು ಗೂಡು ಕಟ್ಟುವ ಬಿದಿರಿನ ತಟ್ಟಿ. ತುಂಬಿದ ಚಂದ್ರಿಕೆಯ ಒಂದು ತುದಿ ಸೊಸೆ ಹಿಡಿದಿದ್ದಳು, ಇನ್ನೊಂದು ತುದಿ ನಾನು. ಹುಳುಮನೆಯ ಮೆಟ್ಟಿಲು ಇಳಿಯುವಾಗ ಬಲಗಾಲು ಹಾಗೇ ಮಡಚಿಕೊಂಡಿತು. ಮಣಿಕಟ್ಟು ಮುರಿಯಿತು. ಹಳದಿ ತಿರುಗಿದ ಹುಳುಗಳು ಮಣ್ಣಲ್ಲಿ ಬಿದ್ದು, ಗೂಡು ಕಟ್ಟಲು ಜಾಗ ಹುಡುಕುತ್ತಾ ತಲೆ ಎತ್ತಿ ಆಡಿಸುತ್ತಿದ್ದವು. ಅದು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

ಫಿಸಿಯೋಥೆರಪಿ ಮಾಡಿಸುವ ಹುಡುಗಿ ನನ್ನ ತೊಡೆಗಳಿಗೆ ಟೇಪ್ ಸುತ್ತಿದಳು. ಬಲತೊಡೆ ಎಡಕ್ಕಿಂತ 3 ಸೆಂಟಿಮೀಟರ್ ಸಣ್ಣ. “ಅಮ್ಮಾ, ಮಂಡಿಯಲ್ಲ, ತೊಡೆ ಕೈಕೊಟ್ಟಿದ್ದು” ಅಂದಳು. ನನ್ನ ತಪ್ಪು ಆಗ ಅರ್ಥವಾಯಿತು. ನಡೆಯುವಾಗ ಮಂಡಿಯ ಭಾರವನ್ನು ತೊಡೆಯ ಮುಂಭಾಗದ ಮಾಂಸಖಂಡ ಹಂಚಿಕೊಳ್ಳುತ್ತದೆ. ಕೂತೇ ಇದ್ದರೆ ಅದು ಕರಗುತ್ತದೆ. ಆಗ ಭಾರವೆಲ್ಲ ಕೀಲಿನ ಮೇಲೆ. ನೋವು ಜಾಸ್ತಿಯಾಗುತ್ತದೆ, ನಾವು ಇನ್ನೂ ಜಾಸ್ತಿ ಕೂರುತ್ತೇವೆ. ಮೂಳೆಯ ತುದಿಯಲ್ಲಿರುವ ಮೆತ್ತೆಗೆ ರಕ್ತನಾಳವೂ ಇಲ್ಲ. ಕಾಲು ಆಡಿಸಿದಾಗ ಕೀಲಿನ ದ್ರವದಿಂದಲೇ ಅದಕ್ಕೆ ಆಹಾರ ಸಿಗಬೇಕು. ರೆಸ್ಟ್ ಅಂದುಕೊಂಡು ಎಂಟು ತಿಂಗಳು ಅದನ್ನೂ ನಿಲ್ಲಿಸಿದ್ದೆ.

ಹಾಗಾಗಿ ರೆಸ್ಟಾ, ಆಪರೇಷನ್ನಾ ಅಂತ ಕೇಳುವುದೇ ಸರಿಯಲ್ಲ. ಮೊದಲು ತೊಡೆ ಗಟ್ಟಿ ಮಾಡಿಸಿ. ಕುರ್ಚಿಯಲ್ಲಿ ಕೂತು ಕಾಲು ನೀಟಾಗಿ ಚಾಚಿ, ಐದು ಎಣಿಸಿ ಇಳಿಸಬೇಕು. ಹತ್ತು ಸಲ, ಬೆಳಿಗ್ಗೆ ಸಂಜೆ. ತಿಂಗಳಾದ ಮೇಲೆ ನಾನು ಪಾದದ ಮೇಲೆ ಅರ್ಧ ಕೇಜಿ ರಾಗಿಯ ಬಟ್ಟೆಚೀಲ ಕಟ್ಟಿಕೊಂಡೆ. ಮಾಡುವಾಗ ಸ್ವಲ್ಪ ನೋಯುತ್ತದೆ, ಹೆದರಬೇಡಿ. ಮರುದಿನ ಬೆಳಿಗ್ಗೆ ನೋವು ಜಾಸ್ತಿ ಇದ್ದರೆ ಮಾತ್ರ ಕಡಿಮೆ ಮಾಡಿ. ನೆಲದಲ್ಲಿ ಕೂರುವುದು ಬೇಡ, ಕಮೋಡ್ ಹಾಕಿಸಿ. ತೂಕ ಜಾಸ್ತಿ ಇದ್ದರೆ ಇಳಿಸಿ. 1 ಕೇಜಿ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಭಾರ ಸುಮಾರು 4 ಕೇಜಿ ಇಳಿಯುತ್ತದೆ. ಮೆಡಿಕಲ್ ಸ್ಟೋರಿನಿಂದ ನೋವಿನ ಮಾತ್ರೆ ತಂದು ದಿನಾ ನುಂಗಿಸಬೇಡಿ, ಹೊಟ್ಟೆಗೂ ಕಿಡ್ನಿಗೂ ಕಷ್ಟ. ಡೈಕ್ಲೋಫೆನಾಕ್ ಮುಲಾಮು ಹಚ್ಚಬಹುದಾ ಅಂತ ಡಾಕ್ಟರನ್ನು ಕೇಳಿ. ಮಂಡಿ ಕೆಂಪಾಗಿ ಬಿಸಿಯಾಗಿ ಊದಿದರೆ, ಜ್ವರವೂ ಬಂದರೆ, ಅದು ಬರೀ ಸವೆತ ಅಲ್ಲ, ತಕ್ಷಣ ತೋರಿಸಿ.

ಆಪರೇಷನ್ ಕೆಟ್ಟದ್ದಲ್ಲ. ಇದೆಲ್ಲ ಮಾಡಿಯೂ ರಾತ್ರಿ ನಿದ್ದೆ ಬರದಿದ್ದರೆ ಮಾಡಿಸಿ. ಆಗಲೂ ಗಟ್ಟಿ ತೊಡೆ ಬೇಕೇ ಬೇಕು.

ನನಗೀಗ 61. ನೋವು ದಿನಾ ಇದೆ, ಬೆಳಿಗ್ಗೆ ಎದ್ದ ಹತ್ತು ನಿಮಿಷ ಗೋಡೆ ಹಿಡಿದೇ ನಡೆಯುತ್ತೇನೆ. ಹುಳು ಪೊರೆ ಬಿಡುವುದಕ್ಕೆ ನಾವು ಜ್ವರ ಅನ್ನುತ್ತೇವೆ; ಈ ಸಲದ ಹುಳು ನಾಲ್ಕನೇ ಜ್ವರದಿಂದ ಎದ್ದಿವೆ, ಇವತ್ತು ಸೊಪ್ಪು ನಾನೇ ಹಾಕಿದೆ, ಸ್ಟೂಲಿನ ಮೇಲೆ ಕೂತು.