ಹಸಿ ಕಸದ ಕಾಂಪೋಸ್ಟ್‌ನಲ್ಲಿ ರೀಶಿ ಅಣಬೆ ಬೆಳೆಯಬಹುದಾ?

ಮೈಸೂರಿನ ನಿಮ್ಮ ಅಪಾರ್ಟ್‌ಮೆಂಟಿನಲ್ಲಿ ಅಡುಗೆಮನೆ ಕಸದ ಕಾಂಪೋಸ್ಟ್ ಮೂಟೆಗಟ್ಟಲೆ ಬಿದ್ದಿದೆ, ಅದರಲ್ಲಿ ರೀಶಿಯಂಥ ಔಷಧಿ ಅಣಬೆ ಬೆಳೆಸಬಹುದಾ ಅಂತ ಕೇಳಿದ್ದೀರಿ. ರೀಶಿ ಬರುವುದಿಲ್ಲ ಸಾರ್. ನಾನು ಮಂಡ್ಯದ ಹತ್ತಿರ ಚಿಪ್ಪಣಬೆ ಬೆಳೆಯುತ್ತೇನೆ, ಈ ಆಸೆ ಇಟ್ಟುಕೊಂಡು ಬರುವವರು ಜಾಸ್ತಿ.

ರೀಶಿ ಮರ ತಿನ್ನುವ ಅಣಬೆ. ಅದಕ್ಕೆ ಮರದ ಗಟ್ಟಿ ನಾರು ಬೇಕು. ಅನ್ನ, ಸಾರು, ತರಕಾರಿ ಸಿಪ್ಪೆಯಲ್ಲಿ ಅದು ಮೊದಲೇ ಕಡಿಮೆ. ಕಾಂಪೋಸ್ಟ್ ಆಗುವ ಹೊತ್ತಿಗೆ ಇದ್ದಬದ್ದ ಸತ್ವವನ್ನೂ ಬೇರೆ ಜೀವಿಗಳು ತಿಂದಿರುತ್ತವೆ. ಸಾರಜನಕ, ಉಪ್ಪು ಮಾತ್ರ ಬೇಕಾದಷ್ಟು. ಅಣಬೆ ಬೀಜ (ಸ್ಪಾನ್) ಹಾಕಿದರೆ ಮೊದಲು ಬೆಳ್ಳಗೆ ಏನೋ ಹಬ್ಬುತ್ತದೆ. ನಮ್ಮ ಅಣಬೆಯೇ ಅಂತ ಖುಷಿಪಡುತ್ತೇವೆ. ಆಮೇಲೆ ನೋಡಿದರೆ ನಡುವಿನಿಂದ ಹಸಿರಾಗುತ್ತಾ ಬರುತ್ತದೆ. ಅದು ಟ್ರೈಕೋಡರ್ಮಾ ಬೂಷ್ಟು. ಆ ಚೀಲವನ್ನು ಕೋಣೆಯಲ್ಲಿ ಬಿಚ್ಚಬೇಡಿ, ಪುಡಿ ಹಾರಿ ಬೇರೆ ಚೀಲಗಳಿಗೂ ಅಂಟುತ್ತದೆ.

ಕಾಂಪೋಸ್ಟ್‌ನಲ್ಲೇ ಬರುವ ಅಣಬೆಗಳೂ ಇವೆ. ಬಟನ್ ಅಣಬೆ ಹಾಗೆ, ಔಷಧಿ ಅಣಬೆ ಅಂತ ಮಾರುವ ಅಗಾರಿಕಸ್ ಸಬ್‌ರುಫೆಸೆನ್ಸ್ ಕೂಡ ಹಾಗೆ. ಇದಕ್ಕೆ ಬಾದಾಮಿ ವಾಸನೆ, ಬಟನ್‌ಗಿಂತ ಸೆಕೆಯನ್ನೂ ತಡೆಯುತ್ತದೆ. ಆದರೆ ಆ ಕಾಂಪೋಸ್ಟೇ ಬೇರೆ. ಹುಲ್ಲು, ಕೋಳಿ ಗೊಬ್ಬರ, ಜಿಪ್ಸಂ ಸೇರಿಸಿ ಕೊಳೆಸಿ, 58-60 ಡಿಗ್ರಿ ಶಾಖ ಕೊಟ್ಟು, ಮೂಗಿಗೆ ಅಮೋನಿಯಾ ಹೊಡೆಯದ ಹಾಗೆ ಮಾಡಿರುತ್ತಾರೆ. ನಿಮ್ಮ ಮೂಟೆಯ ಮಾಲಿಗೆ ಆ ಹದ ಇರಲ್ಲ. ಇನ್ನೊಂದು ಮಾತು, ಅಣಬೆ ಕ್ಯಾಡ್ಮಿಯಂನಂಥ ಲೋಹಗಳನ್ನು ಹೀರಿಕೊಳ್ಳುತ್ತದೆ. ಬ್ಯಾಟರಿ, ಬಣ್ಣದ ಡಬ್ಬ ಬೆರೆತ ಕಸದಲ್ಲಿ ಬೆಳೆದದ್ದನ್ನು ಔಷಧಿ ಅಂತ ಒಣಗಿಸಿ ತಿನ್ನುವುದು ಬೇಡವೇ ಬೇಡ.

ರೀಶಿಯೇ ಬೇಕೆಂದರೆ ಗಟ್ಟಿ ಮರದ ಹೊಟ್ಟಿಗೆ ಸ್ವಲ್ಪ ತೌಡು ಬೆರೆಸಿ. ಮುಷ್ಟಿಯಲ್ಲಿ ಹಿಂಡಿದರೆ ಒಂದೆರಡು ಹನಿ ಬರಬೇಕು, ಧಾರೆ ಅಲ್ಲ. ಶಾಖ ತಡೆಯುವ ಪಿಪಿ (ಪಾಲಿಪ್ರೊಪಿಲೀನ್) ಪ್ಲಾಸ್ಟಿಕ್ ಚೀಲಕ್ಕೆ ತುಂಬಿ 121 ಡಿಗ್ರಿಯಲ್ಲಿ ಒತ್ತಡದ ಆವಿ ಕೊಟ್ಟು, ಆರಿದ ಮೇಲೆ ಬೀಜ ಹಾಕಿ. ಕಸದಿಂದಲೇ ಏನಾದರೂ ಮಾಡಬೇಕು ಅನ್ನುವ ಹಟ ಇದ್ದರೆ, ಹೋಟೆಲಿನ ಅವತ್ತಿನ ಕಾಫಿ ಚರಟವನ್ನು ಭತ್ತದ ಹುಲ್ಲಿಗೆ ಬೆರೆಸಿ ಚಿಪ್ಪಣಬೆ ಹಾಕಿ ನೋಡಿ. ಕಾಂಪೋಸ್ಟ್ ಸುಮ್ನೆ ಗಿಡಗಳಿಗೆ ಹೋಗಲಿ.

ಬೆಳೆ ಮುಗಿದ ರೀಶಿ ಚೀಲಗಳನ್ನು ಮಾತ್ರ ತೆಂಗಿನ ಬುಡಕ್ಕೆ ಸುರಿಯಬೇಡಿ. ರೀಶಿ ಗ್ಯಾನೋಡರ್ಮಾ ಜಾತಿಯದು, ನಮ್ಮ ಕಡೆ ತೆಂಗಿಗೆ ಬರುವ ಅಣಬೆ ರೋಗವೂ ಇದೇ ಜಾತಿಯದು.